ಮಗಳು ಊರು ಆರಿಸಿದ ಬಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ದೇಶ ಬಿಟ್ಟು ನೋಡು ಎಂಬುದನ್ನು ಸೇರಿಸುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಅವರ ಕಾಲಕ್ಕೆ ಹಾನಗಲ್ಲು ಬಿಟ್ಟು ಹುಬ್ಬಳ್ಳಿಯಲ್ಲಿ ನೆಲೆಸಿದವರೇ ದೂರ ಹೋದವರು. ಈಗ ನಮ್ಮ ಓಣಿಯೊಂದರಲ್ಲೇ ಮೂರು ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ನಮ್ಮದು ನಾಲ್ಕನೆಯ ಮನೆ ಆಗುವುದರಲ್ಲಿದೆ.

ನನ್ನ ಮಗಳು ನರ್ಸಿಂಗ್ ಪದವಿ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 9 ವರ್ಷದಿಂದ ದುಡಿಯುತ್ತಿದ್ದಾಳೆ. ಅಳಿಯಂದಿರದು ಲೆಕ್ಕಪತ್ರ ಬರೆಯುವ ಕೆಲಸ. ಮೊಮ್ಮಗನಿಗೆ 8 ವರ್ಷ, ಮೊಮ್ಮಗಳಿಗೆ 3. ಇಬ್ಬರ ಸಂಬಳವೂ ಮನೆ ಬಾಡಿಗೆ, ಶಾಲೆಯ ಫೀ, ಮಗು ನೋಡಿಕೊಳ್ಳುವವರ ಪಗಾರ ಎಂದು ತಿಂಗಳ ಇಪ್ಪತ್ತಕ್ಕೇ ಮುಗಿದಿರುತ್ತದೆ. ಯುಗಾದಿಗೆ ಬಂದವಳು ಬೇವು ಬೆಲ್ಲ ಕೈಗೆ ಹಾಕಿಸಿಕೊಳ್ಳುತ್ತಲೇ, "ಅವ್ವಾ, ನಾವು ಹೊರಗ ಹೋಗೂದು ಖರೆ. ಎಲ್ಲಿಗೆ ಅನ್ನೋದಷ್ಟ ಇನ್ನೂ ಗೊತ್ತಾಗಿಲ್ಲ" ಎಂದಳು.

ಎಲ್ಲಿಗೆ ಎಂಬ ಪ್ರಶ್ನೆಗೆ ನಮ್ಮ ಬಳಗದಲ್ಲಿ ಉತ್ತರಗಳಿಗೇನು ಬರವೇ! ಶಿಗ್ಗಾಂವಿಯ ಬೀಗರು ದುಬೈ ಎಂದರು. ಬೆಂಗಳೂರಿನಿಂದ ನಾಲ್ಕು ತಾಸಿನ ವಿಮಾನ, ಹಬ್ಬಕ್ಕೆ ಬಂದು ಹೋಗಬಹುದು ಎಂಬುದು ಅವರ ಲೆಕ್ಕ. ಹಿರೇಕೆರೂರಿನ ನನ್ನ ತವರಿನವರು ಅಮೆರಿಕ ಬಿಟ್ಟು ಬೇರೆ ಮಾತಾಡಲಿಲ್ಲ. ನಮ್ಮ ಯಜಮಾನರು ಮಾತ್ರ, "ಹಾವೇರಿ ಆಸ್ಪತ್ರ್ಯಾಗ ನರ್ಸ್ ಬೇಕಿಲ್ಲೇನು?" ಎಂದು ಪೇಪರು ಬಿಡಿಸಿಕೊಂಡು ಕುಳಿತರು.

ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಮಗಳು ಕೇಳಿದ್ದು ಬೇರೆ. ಮನೆಯ ನಾಲ್ಕೂ ಜನರ ಕೈಗೆ ಆ ದೇಶ ಯಾವ ಕಾಗದ ಕೊಡುತ್ತದೆ, ಆ ಕಾಗದ ಎಷ್ಟು ವರ್ಷ ಬಾಳುತ್ತದೆ, ಯಾರ ಕೆಲಸ ಹೋದರೆ ಯಾರು ಊರಿಗೆ ಮರಳಬೇಕು ಎಂದು ಅವಳು ಒಂದು ವಹಿ ಇಟ್ಟು ಬರೆದುಕೊಂಡಳು. ಮೊದಲಿಗೆ ನನಗೂ ಇದು ಅತಿಯಾಯಿತು ಅನ್ನಿಸಿತ್ತು. ಬಳಗದ ಮನೆಗಳಿಗೆ ಅವಳೊಂದಿಗೆ ಹೋಗಿ ಕುಳಿತು ಕೇಳಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಮೊದಲು ಸವಣೂರಿಗೆ ಹೋದೆವು. ಅಲ್ಲಿರುವ ನನ್ನ ನಾದಿನಿಯ ಮಗ ದುಬೈಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಆ ಉಳಿತಾಯದಲ್ಲೇ ನಾದಿನಿಯ ಮನೆಗೆ ಮಾಳಿಗೆ ಬಂತು, ತಂಗಿಯ ಮದುವೆಯಾಯಿತು. ಆದರೆ ನಾದಿನಿ ಚಹಾದ ಜೊತೆಗೆ ಸವಣೂರು ಖಾರದ ತಾಟು ಮುಂದಿಟ್ಟು ಹೇಳಿದ್ದೇ ಬೇರೆ: "ವೈನಿ, ದುಬೈನಾಗ ರೊಕ್ಕ ಐತಿ, ಇಲ್ಲ ಅನ್ನೂದಿಲ್ಲ. ಆದರ ನೌಕರಿ ಐತಿ ಅನ್ನೂತನಕ ಅಷ್ಟ ಮನಿ."

2020ರಲ್ಲಿ ಕೊರೊನಾ ಬಂದಾಗ ಅವನಿದ್ದ ಕಂಪನಿ ಅರ್ಧ ಜನರನ್ನು ಕಳಿಸಿತು. ಕೆಲಸ ಹೋದರೆ ವಾಸದ ಪರವಾನಗಿಯೂ ಹೋಗುತ್ತದೆ, ಹೆಂಡತಿ ಮಕ್ಕಳದು ಅವನ ಪರವಾನಗಿಗೆ ಕಟ್ಟಿಕೊಂಡದ್ದು. ಸರಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ನಾಲ್ವರೂ ಬಂದಿಳಿದರು. ಮಗಳ ಶಾಲೆ ನಡುವರ್ಷದಲ್ಲೇ ಬಿಟ್ಟಿತು. ಮುಂದೆ ಬೇರೆ ಕೆಲಸ ಸಿಕ್ಕು ಮರಳಿ ಹೋದರು, ನಿಜ. ಆದರೆ ಅಲ್ಲೇ ಹುಟ್ಟಿದ ಆ ಹುಡುಗಿಗೂ ಆ ದೇಶದ ಪೌರತ್ವ ಇಲ್ಲ. ಹುಟ್ಟಿದ ಮಾತ್ರಕ್ಕೆ ಅಲ್ಲಿ ಪೌರತ್ವ ಕೊಡುವುದಿಲ್ಲ. 2019ರಿಂದ ಗೋಲ್ಡನ್ ವೀಸಾ ಎಂದು ಹತ್ತು ವರ್ಷದ ಪರವಾನಗಿ ಬಂದಿದೆ, ಅದು ಎಲ್ಲರಿಗೂ ಸಿಗುವಂಥದಲ್ಲ. 1990ರಲ್ಲಿ ಇರಾಕ್ ಕುವೈತಿನ ಮೇಲೆ ನುಗ್ಗಿದಾಗ ಸುಮಾರು 1,70,000 ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳಲ್ಲಿ ಕರೆತಂದದ್ದನ್ನು ನಮ್ಮ ವಯಸ್ಸಿನವರು ಮರೆತಿಲ್ಲವಷ್ಟೆ. ಹತ್ತು ವರ್ಷ ದುಡಿದು ಊರಿಗೆ ಮರಳುವೆ ಎನ್ನುವವರಿಗೆ ಕೊಲ್ಲಿಯ ದೇಶ ಒಳ್ಳೆಯದೇ. ಮಕ್ಕಳನ್ನು ಕಟ್ಟಿಕೊಂಡು ಬೇರು ಬಿಡಲು ಹೊರಟವರಿಗೆ ಅಲ್ಲ ಎಂದು ನನಗನ್ನಿಸಿತು.

ಹಿರೇಕೆರೂರಿನಲ್ಲಿ ನಮ್ಮ ಅಣ್ಣನ ಮನೆಯ ಕಥೆ ಇನ್ನೂ ಸೂಕ್ಷ್ಮ. ಅಣ್ಣನ ಮಗಳು ಎಂಜಿನಿಯರಿಂಗ್ ಓದಿದವಳು. 2013ರಲ್ಲಿ ಗಂಡನ ಬೆನ್ನಿಗೆ ಎರಡು ವರ್ಷದ ಮಗನನ್ನು ಎತ್ತಿಕೊಂಡು ನ್ಯೂಜೆರ್ಸಿಗೆ ಹೋದಳು. ಅವಳಿಗೆ ಸಿಕ್ಕದ್ದು ಎಚ್-4 ಎಂಬ ಹೆಂಡತಿಯ ವೀಸಾ. ಅದರಲ್ಲಿ ಮನೆಯಲ್ಲಿರಬಹುದು, ದುಡಿಯುವಂತಿಲ್ಲ. 2015ರಲ್ಲಿ ನಿಯಮ ಸಡಿಲಾಯಿತು, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಅವಳ ಕೈಗೆ ಕೆಲಸ ಬರುವಷ್ಟರಲ್ಲಿ ಐದು ವರ್ಷ ಕಳೆದಿದ್ದವು. ಫೋನಿನಲ್ಲಿ "ಆರಾಮ ಅದೀನಿ" ಎನ್ನುತ್ತಿದ್ದಳು. ಆ ಆರಾಮದ ಅರ್ಥ ನಮ್ಮ ಅತ್ತಿಗೆಗೆ ಆಗುತ್ತಿತ್ತು, ಅಣ್ಣನಿಗೆ ಆಗುತ್ತಿರಲಿಲ್ಲ.

ಗ್ರೀನ್ ಕಾರ್ಡಿನ ವಿಷಯಕ್ಕೆ ಬಂದರೆ, 1990ರ ಅಲ್ಲಿಯ ಕಾನೂನಿನ ಪ್ರಕಾರ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿ. ಚಿಕ್ಕ ದೇಶಕ್ಕೂ ಅಷ್ಟೇ, ನಮ್ಮಂಥ ದೊಡ್ಡ ದೇಶಕ್ಕೂ ಅಷ್ಟೇ. ಹಾಗಾಗಿ ಕೆಲಸದ ಮೇಲೆ ಹೋದ ಭಾರತೀಯರ ಸರದಿ ಹತ್ತು ವರ್ಷ ದಾಟಿ ನಿಂತಿದೆ. ಎತ್ತಿಕೊಂಡು ಹೋದ ಆ ಮಗನಿಗೆ ಈಗ ಹತ್ತಿರ ಹತ್ತಿರ 15. ಸರದಿ ಬರುವ ಮೊದಲೇ 21 ತುಂಬಿದರೆ ತಂದೆಯ ಅರ್ಜಿಯಿಂದ ಅವನ ಹೆಸರು ಬಿದ್ದುಹೋಗುವ ಭಯ. ಅವನ ತಮ್ಮ ಅಲ್ಲೇ ಹುಟ್ಟಿದವನು, ಹುಟ್ಟುತ್ತಲೇ ಅಮೆರಿಕದ ಪ್ರಜೆ. ಒಂದೇ ತಾಟಿನಲ್ಲಿ ಉಣ್ಣುವ ಅಣ್ಣತಮ್ಮಂದಿರ ಕಾಗದ ಎರಡು ಬಗೆಯದು. ನೀವೇ ಹೇಳಿ, ತಾಯಿಯ ಕಣ್ಣಿಗೆ ನಿದ್ದೆ ಹೇಗೆ ಹತ್ತೀತು? ಮೇಲಾಗಿ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಎಂಬ ಆಜ್ಞೆ ಹೊರಟಿತು. ಅಣ್ಣನೇ ಅಮೆರಿಕದ ಮಾತು ನಿಲ್ಲಿಸಿದ.

ಇಷ್ಟು ಹೊತ್ತಿಗೆ ಮಗಳಿಗೆ ಒಂದು ಮಾತು ನಿಚ್ಚಳವಾಗಿತ್ತು. ಮನೆಯವರೆಲ್ಲ ಅಳಿಯಂದಿರ ನೌಕರಿಯನ್ನು ಹಿಡಿದೇ ದೇಶ ಹುಡುಕುತ್ತಿದ್ದರು. ಹೊರಗಿನ ದೇಶಗಳಿಗೆ ಬೇಕಾದದ್ದು ನರ್ಸುಗಳು. ಅರ್ಜಿ ಅವಳ ಹೆಸರಲ್ಲಿ ಹೋದರೆ ಮನೆಯ ನಾಲ್ಕೂ ಜನರ ಕಾಗದ ಅವಳ ಓದಿನ ಮೇಲೆ ನಿಲ್ಲುತ್ತದೆ.

ಈ ಮಾತನ್ನು ಶಿಗ್ಗಾಂವಿಯಲ್ಲಿ ಹೇಳುವುದು ಅಷ್ಟು ಸುಲಭವಿರಲಿಲ್ಲ. ಬೀಗರು ಒಳ್ಳೆಯವರು. ಆದರೂ ಮಗ ಸೊಸೆಯ ಅರ್ಜಿಯಲ್ಲಿ ಎರಡನೆಯ ಹೆಸರಾಗಿ ಹೋಗುತ್ತಾನೆ ಎಂದಾಗ ಅಡಕೊತ್ತು ಕೆಳಗಿಟ್ಟು ಸುಮ್ಮನಾದರು. ಬೀಗತಿ ಕೇಳಿದರು, "ನಿನಗ ರಾತ್ರಿಪಾಳಿ ಬಂದ್ರ ಹುಡುಗರಿಗೆ ಉಣ್ಣಾಕ ಹಾಕೋರು ಯಾರವ್ವಾ?" ಮಗಳು, "ಅವರಪ್ಪ ಹಾಕ್ತಾರ ಅತ್ತೀ" ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಳಿಯಂದಿರೇ ಬಾಯಿಬಿಟ್ಟು, "ಎವ್ವಾ, ಅಲ್ಲಿ ಹೋಗಿ ಮೊದಲ ಆರು ತಿಂಗಳು ನನಗ ನೌಕರಿ ಸಿಗತೈತೋ ಇಲ್ಲೋ. ಅನ್ನ ಮಾಡೂದು ಕಲೀತೀನಿ" ಎಂದರು. ಬೀಗತಿಯ ಮುಖದಲ್ಲಿ ಸಿಟ್ಟೂ ನಗುವೂ ಒಟ್ಟಿಗೇ ಬಂದವು. "ಇವನಿಗೆ ಹಾಲು ಉಕ್ಕೂದು ಗೊತ್ತಾಗೂದಿಲ್ಲ!" ಎಂದು ಎದ್ದು ಒಳಗೆ ಹೋದರು. ಮರುದಿನವೇ ಮಗನನ್ನು ಒಲೆಯ ಮುಂದೆ ನಿಲ್ಲಿಸಿಕೊಂಡರೆಂದು ಕೇಳಿದೆ. ಹೆಣ್ಣುಮಕ್ಕಳಿಗೆ ಹನ್ನೆರಡು ವರ್ಷಕ್ಕೆ ಕಲಿಸುವುದನ್ನು ಗಂಡುಮಕ್ಕಳಿಗೆ ಮೂವತ್ತೆಂಟಕ್ಕೆ ಕಲಿಸುವ ಕಷ್ಟ ನಮ್ಮ ಕಾಲದ ತಾಯಂದಿರಿಗೇ ಬಂತು ನೋಡಿ.

ಉಳಿದದ್ದು ಕೆನಡಾ ಮತ್ತು ಆಸ್ಟ್ರೇಲಿಯಾ. ಎನ್‌ಕ್ಲೆಕ್ಸ್ ಎಂಬ ನರ್ಸುಗಳ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಅದು ಅಮೆರಿಕಕ್ಕೆ, ಕೆನಡಾದ ಬಹುತೇಕ ಪ್ರಾಂತಗಳಿಗೆ, ಆಸ್ಟ್ರೇಲಿಯಾಕ್ಕೆ ಮೂರಕ್ಕೂ ನಡೆಯುತ್ತದೆ. ದೇಶ ನಿಶ್ಚಯವಾಗುವ ಮೊದಲೇ ಅವಳು ಅದನ್ನು ಬರೆದು ಪಾಸಾದದ್ದು ಜಾಣತನ. ಮಗಳನ್ನು ನಾನೇ ಹೊಗಳುತ್ತಿದ್ದೇನೆ ಎನ್ನಬೇಡಿ, ಪಾಳಿ ಮುಗಿಸಿ ಬಂದು ರಾತ್ರಿ ಎರಡರವರೆಗೆ ಓದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆನಡಾದಲ್ಲಿ 2015ರಿಂದ ಅಂಕಗಳ ಲೆಕ್ಕದ ಮೇಲೆ ಮನೆಮಂದಿಗೆಲ್ಲ ಒಟ್ಟಿಗೇ ಕಾಯಂ ವಾಸದ ಹಕ್ಕು ಕೊಡುತ್ತಾರೆ. ತಂದೆತಾಯಿಗೂ ಒಂದು ಬಗೆಯ ವೀಸಾ ಇದೆ, 2022ರಿಂದ ಒಮ್ಮೆಗೆ ಐದು ವರ್ಷದವರೆಗೆ ಮಕ್ಕಳ ಬಳಿ ಇರಬಹುದು. ಇದು ನನಗೆ ಹಿಡಿಸಿತ್ತು. ಆದರೆ ಮಗಳ ಸಹಪಾಠಿಯೊಬ್ಬಳು ವಿನಿಪೆಗ್ ನಗರದಲ್ಲಿದ್ದಾಳೆ. ಅಲ್ಲಿ ಚಳಿಗಾಲಕ್ಕೆ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ನಮ್ಮ ಮೊಮ್ಮಗಳಿಗೆ ಮಳೆಗಾಲ ಬಂದರೆ ಸಾಕು, ಎದೆ ಕಟ್ಟುತ್ತದೆ. ಆ ಸಹಪಾಠಿ ಬೆಳಗಿನ ಚಹಾ ಕುಡಿಯುವಾಗ ಇಲ್ಲಿ ಸಂಜೆ ದೀಪ ಹಚ್ಚಿ ಊಟಕ್ಕೆ ಕೂಡುವ ಹೊತ್ತು.

ಕೊನೆಗೆ ವಹಿಯಲ್ಲಿ ಗೆರೆ ಎಳೆದದ್ದು ಆಸ್ಟ್ರೇಲಿಯಾದ ಅಡಿಲೇಡ್ ಎಂಬ ಊರಿನ ಕೆಳಗೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮೂರನ್ನು ಬಿಟ್ಟು ಉಳಿದ ಊರುಗಳಿಗೆ ಹೋಗುವವರಿಗೆಂದು 2019ರ ನವೆಂಬರಿನಲ್ಲಿ ಐದು ವರ್ಷದ ಒಂದು ವೀಸಾ ತಂದಿದ್ದಾರೆ. ಅಂಥ ಊರಲ್ಲೇ ಇದ್ದು ಮೂರು ವರ್ಷ ದುಡಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಗಂಡ ಹೆಂಡತಿ ಇಬ್ಬರೂ ದುಡಿಯಬಹುದು, ಸರಕಾರಿ ವೈದ್ಯಕೀಯ ಸೌಲಭ್ಯ ಇದೆ. ಅರ್ಜಿಗೆ 45 ತುಂಬಿರಬಾರದು. ಇನ್ನೊಂದು ಅನುಕೂಲ, ನಮ್ಮ ದೇಶದ ನರ್ಸುಗಳು ಅಲ್ಲಿ ರೋಗಿಯ ಶುಶ್ರೂಷೆ ಮಾಡಿ ತೋರಿಸಬೇಕಾದ ಪ್ರಾಯೋಗಿಕ ಪರೀಕ್ಷೆ ನಡೆಯುವುದೂ ಅಡಿಲೇಡಿನಲ್ಲೇ. ಅದಕ್ಕೆಂದು ಹೋದಾಗ ಎರಡು ವಾರ ಇದ್ದು ಬಾಡಿಗೆ, ಬಸ್ಸು, ಶಾಲೆ ಎಲ್ಲವನ್ನೂ ತಾನೇ ನೋಡಿ ಬಂದಳು. ಸರಕಾರಿ ಶಾಲೆಯಾದರೂ ಫೀ ಇದೆಯೋ ಇಲ್ಲವೋ ಎಂಬುದು ಅಲ್ಲಿ ರಾಜ್ಯಕ್ಕೊಂದು, ವೀಸಾಕ್ಕೊಂದು ರೀತಿ. ಹೊರಡುವವರು ಮೊದಲೇ ಕೇಳಿಕೊಳ್ಳಬೇಕಾದ ಮಾತು ಅದು. ಗಡಿಯಾರ ನಮಗಿಂತ ನಾಲ್ಕು ತಾಸು ಮುಂದೆ, ಅವರ ಬೇಸಿಗೆಯಲ್ಲಿ ಐದು. ನಾನು ಮಧ್ಯಾಹ್ನದ ಕೆಲಸ ಮುಗಿಸಿ ಕುಳಿತಾಗ ಮೊಮ್ಮಕ್ಕಳು ಶಾಲೆಯಿಂದ ಬಂದಿರುತ್ತಾರೆ, ಫೋನಿಗೆ ಸಿಗುತ್ತಾರೆ.

ನಮ್ಮನ್ನು ಕಾಯಂ ಕರೆಸಿಕೊಳ್ಳುವ ಮಾತೂ ಬಂತು. ಅಲ್ಲಿಯ ನಿಯಮ ವಿಚಿತ್ರ. ತಂದೆತಾಯಿಗೆ ಕಾಯಂ ವೀಸಾ ಬೇಕೆಂದರೆ ಮಕ್ಕಳಲ್ಲಿ ಅರ್ಧದಷ್ಟಾದರೂ ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು. ನನಗೆ ಮೂವರು ಮಕ್ಕಳು, ಗಂಡುಮಕ್ಕಳಿಬ್ಬರೂ ಇಲ್ಲೇ. ಅಲ್ಲಿಗೆ ಆ ಬಾಗಿಲು ಮುಚ್ಚಿತು. 2019ರಲ್ಲಿ ಬಂದ ತಾತ್ಕಾಲಿಕ ವೀಸಾದಲ್ಲಿ ಮೂರು ವರ್ಷವೋ ಐದು ವರ್ಷವೋ ಇರಬಹುದು, ಶುಲ್ಕ ಜಬರದಸ್ತು. ಇದನ್ನು ಕೇಳಿ ನಮ್ಮ ಯಜಮಾನರಿಗೆ ಆದ ಸಮಾಧಾನ ಹೇಳತೀರದು. ನನಗೆ ಆಯಿತೇ ಎಂದು ಕೇಳಬೇಡಿ. ಮಗಳ ಬಾಣಂತನ ಎರಡನ್ನೂ ಮಾಡಿದ ಕೈ ಇದು. ಅವಳಿಗೆ ಜ್ವರ ಬಂದರೆ ಗಂಜಿ ಕಾಯಿಸಲು ಇನ್ನು ನಾನು ರಾತ್ರಿ ಬಸ್ಸು ಹತ್ತುವಂತಿಲ್ಲ.

ಇದೆಲ್ಲದರ ನಡುವೆ ಯಾರಿಗೂ ಹೊಳೆಯದ ಒಂದು ಸಂಗತಿಯನ್ನು ಪರಿಚಯದ ವಕೀಲರು ಹೇಳಿದರು. ಸೋದರಿಯರೇ, ಹೊಲಮನೆ ಇರುವವರು ಇದನ್ನು ಗಮನಿಸಬೇಕು. ಯಜಮಾನರು ತಮ್ಮ ದುಡಿಮೆಯಲ್ಲಿ ಕೊಂಡ ಒಂದೂವರೆ ಎಕರೆ ಭತ್ತದ ಗದ್ದೆಯನ್ನು ಮುಂದೆ ಯಾವಾಗಲಾದರೂ ಮಗಳ ಹೆಸರಿಗೆ ಮಾಡಬೇಕೆಂದಿದ್ದರು. ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ, ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ವಾರಸಾ ಹಕ್ಕಿನಿಂದ ಮಾತ್ರ ಬರಬಹುದು. ಇಲ್ಲಿ ವಾಸವಿರುವಾಗಲೇ ಹೆಸರಿಗೆ ಬಂದದ್ದನ್ನು ಹೋದ ಮೇಲೂ ಇಟ್ಟುಕೊಳ್ಳಬಹುದು. ಮುಂದೆ ಅಲ್ಲಿಯ ಪೌರತ್ವ ತೆಗೆದುಕೊಂಡರೆ ನಮ್ಮ ಪೌರತ್ವ ಹೋಗುತ್ತದೆ, ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಆಗ ಸಿಗುವ ಸಾಗರೋತ್ತರ ಭಾರತೀಯರ ಕಾರ್ಡಿನಲ್ಲಿ ಬಂದು ಹೋಗಬಹುದು, ಓಟು ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಅಂದರೆ ಕೊಡುವುದಿದ್ದರೆ ವಿಮಾನ ಹತ್ತುವ ಮೊದಲೇ ಕೊಡಬೇಕು.

ಮಗಳು ಬೇಡವೆಂದಳು. "ಅಣ್ಣ ಬಿತ್ತಿ ಬೆಳೆಯೋ ಭೂಮಿ, ನಾ ಹೋಗಾಕಿ, ನನಗ್ಯಾಕ?" ಎಂದು ಕಣ್ಣೀರು ತೆಗೆದಳು. ದೊಡ್ಡ ಮಗ ಎರಡು ದಿನ ಏನೂ ಅನ್ನಲಿಲ್ಲ. ಸೊಸೆಯೂ ಏನೂ ಅನ್ನಲಿಲ್ಲ. ಆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಮಗ ಗದ್ದೆಯಿಂದ ಬಂದವನು ಕಾಲು ತೊಳೆಯುತ್ತ, "ಆಕಿ ಹೆಸರಿಗೆ ಬರೀರಿ ಅಪ್ಪಾ. ಬಿತ್ತಾಂವ ನಾನ ಇರ್ತೀನಿ. ನಾಳೆ ಅಲ್ಲಿ ಸರಿಬರಲಿಲ್ಲ ಅಂದ್ರ ಬಂದು ನಿಲ್ಲಾಕ ಒಂದು ಜಾಗ ಬೇಕಲ್ಲ" ಎಂದ.

ಬರುವ ಸೋಮವಾರ ಹಾನಗಲ್ಲಿನ ಉಪನೋಂದಣಿ ಕಚೇರಿಗೆ ಎಲ್ಲರೂ ಹೋಗುವುದಿದೆ. ಮಗಳು ಬೆಂಗಳೂರಿನಿಂದ ಶನಿವಾರವೇ ಬರುತ್ತಾಳೆ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಟ್ಟಿದ್ದೇನೆ. ವಿಮಾನ ಇಳಿದ ಕೂಡಲೇ ತಿನಿಸಿದ್ದನ್ನೆಲ್ಲ ಬರೆದು ತೋರಿಸಬೇಕಂತೆ, ಮುಚ್ಚಿಟ್ಟರೆ ದಂಡ. ಹಾಲಿನ ಸಿಹಿಯನ್ನು ಒಳಗೆ ಬಿಡುವುದಿಲ್ಲವೆಂದು ಅವಳು ಹೇಳಿದ್ದರಿಂದ ಧಾರವಾಡ ಪೇಡೆ ತರಿಸುವುದನ್ನು ಕೈಬಿಟ್ಟೆ. ಜೋಳದ ಹಿಟ್ಟು ಅಲ್ಲಿಯ ಭಾರತೀಯರ ಅಂಗಡಿಯಲ್ಲಿ ಸಿಗುತ್ತದಂತೆ. ಅಳಿಯಂದಿರಿಗೆ ರೊಟ್ಟಿ ಬಡಿಯುವುದು ಇನ್ನೂ ಬಂದಿಲ್ಲ, ಹಿಟ್ಟು ನಾದುವುದು ಬಂದಿದೆ ಎಂದು ಬೀಗತಿ ನಿನ್ನೆ ಫೋನು ಮಾಡಿದ್ದರು.