ವಾಯಿದೆ

ನ್ಯಾಯಾಲಯದ ಜವಾನನು ನಮ್ಮ ತಂದೆಯವರ ಹೆಸರನ್ನು ಮೂರು ಸಲ ಕೂಗಿದ್ದನ್ನು ಮೊದಲು ಕೇಳಿದಾಗ ನನಗೆ ಒಂಬತ್ತು ವರ್ಷ. ಗದ್ದೆಯ ಬದುವಿನ ವ್ಯಾಜ್ಯ. ತಾಲ್ಲೂಕಿನ ಮುನ್ಸೀಫ್ ಕೋರ್ಟು. ಸಿವಿಲ್ ದಾವೆಗಳಿಗೆ ಮುನ್ಸೀಫರಾಗಿದ್ದವರೇ ಕ್ರಿಮಿನಲ್ ಮೊಕದ್ದಮೆಗಳಿಗೆ ಮ್ಯಾಜಿಸ್ಟ್ರೇಟರು. ಬೆಳಗಿನ ಬಸ್ಸಿಗೆ ಹೋಗಿ, ಹುಣಿಸೆಮರದ ಕೆಳಗೆ ಕಾದು, ಸಂಜೆ ‘ವಾಯಿದೆ ಆಯಿತು’ ಎಂಬ ಒಂದೇ ಮಾತನ್ನು ಹೊತ್ತು ಹಿಂದಿರುಗುತ್ತಿದ್ದೆವು. ಒಳಗೆ ವಾದವೆಲ್ಲ ಇಂಗ್ಲಿಷಿನಲ್ಲಿ. ತಮ್ಮ ಹೆಸರೊಂದನ್ನು ಬಿಟ್ಟರೆ ತಂದೆಯವರಿಗೆ ಅರ್ಥವಾಗುತ್ತಿದ್ದುದು ಏನೂ ಇರಲಿಲ್ಲ. ವಕೀಲರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯಿದೆಯಲ್ಲವೇ? ಹನ್ನೊಂದು ವರ್ಷಗಳ ಮೇಲೆ ನಾವು ಗೆದ್ದೆವು. ‘ನನ್ನ ಮಾತನ್ನು ಯಾರೂ ಕೇಳಲಿಲ್ಲ’ ಎಂದಷ್ಟೇ ತಂದೆಯವರು ನುಡಿದರು.

ಇಂಗ್ಲೆಂಡಿಗೆ ಬಂದು ನೆಲೆಸಿ ಬಹುಕಾಲವಾದ ಮೇಲೆ, ನಾನೇ ಮ್ಯಾಜಿಸ್ಟ್ರೇಟನಾಗಿ ಪೀಠವನ್ನೇರುವೆನೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ವೃತ್ತಿಯಿಂದ ನಾನು ಎಂಜಿನಿಯರ್, ಕಾನೂನು ಓದಿದವನಲ್ಲ. ಆದರೆ 1361ರ ಶಾಸನದಿಂದ ಬೆಳೆದುಬಂದ ಇಲ್ಲಿಯ ಪದ್ಧತಿಯೇ ಬೇರೆ. ಸಂಬಳವಿಲ್ಲದ ಸಾಮಾನ್ಯ ನಾಗರಿಕರು, ಹೆಚ್ಚಾಗಿ ಮೂವರು ಕೂಡಿ, ವಿಚಾರಣೆ ನಡೆಸುತ್ತಾರೆ. ಕಾನೂನಿನ ಸೂಕ್ಷ್ಮಗಳನ್ನು ತಿಳಿಸಲು ಸಲಹೆಗಾರರೊಬ್ಬರಿರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸಿನ ಕ್ರಿಮಿನಲ್ ಮೊಕದ್ದಮೆಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಈ ಕೆಳಗಿನ ನ್ಯಾಯಾಲಯದಲ್ಲಿಯೇ ಮುಗಿಯುತ್ತವೆ. ಸಾಮಾನ್ಯನ ಪಾಲಿಗೆ ಇದೇ ಸುಪ್ರೀಂ ಕೋರ್ಟು.

ಒಂದು ಮಧ್ಯಾಹ್ನ ಸಣ್ಣ ಕಳ್ಳತನದ ಆಪಾದನೆ ಹೊತ್ತ ವಿದೇಶೀಯ ವೃದ್ಧರೊಬ್ಬರು ನಮ್ಮೆದುರು ನಿಂತಿದ್ದರು. ವಕೀಲರಿರಲಿಲ್ಲ. ತಪ್ಪೊಪ್ಪಿಕೊಳ್ಳುವಿರಾ ಎಂದು ಕೇಳಿದಾಗ ತಲೆಯಾಡಿಸಿ ‘ಯೆಸ್ ಸರ್’ ಎಂದರು. ಇನ್ನೂ ಹಲವು ಮೊಕದ್ದಮೆಗಳು ಬಾಕಿಯಿದ್ದವು. ನನ್ನ ಕಣ್ಣೂ ಗಡಿಯಾರದತ್ತ ಹೊರಳಿತ್ತು. ಆ ತಲೆಯಾಡಿಸುವಿಕೆಯನ್ನು ಹಿಂದೆಲ್ಲಿಯೋ ಕಂಡಿದ್ದೇನೆನಿಸಿತು. ಹುಣಿಸೆಮರ ನೆನಪಾಯಿತು. ಪೀಠದ ಅಧ್ಯಕ್ಷತೆ ವಹಿಸಿದ್ದ ಮಹಿಳೆಗೆ ನನ್ನ ಅನುಮಾನವನ್ನು ಮೆಲ್ಲನೆ ತಿಳಿಸಿದೆ. ‘ನಿಮ್ಮ ಮಾತೃಭಾಷೆ ಯಾವುದು?’ ಎಂದು ಸಲಹೆಗಾರರು ನಿಧಾನವಾಗಿ ಕೇಳಿದರು. ಅದಕ್ಕೂ ‘ಯೆಸ್ ಸರ್’ ಎಂಬುದೇ ಉತ್ತರ!

ದುಭಾಷಿಯನ್ನು ಕರೆಸಲೆಂದು ಮೊಕದ್ದಮೆಯನ್ನು ಮುಂದೂಡಿದೆವು. ಬಾಲ್ಯದಲ್ಲಿ ಶಪಿಸಿದ್ದ ವಾಯಿದೆಯನ್ನು ಅಂದು ನಾನೇ ಕೊಟ್ಟಿದ್ದೆ. ವಿಳಂಬವು ಅನ್ಯಾಯವೆಂಬುದು ನಿಜ. ಎದುರು ನಿಂತವನಿಗೆ ಅರ್ಥವಾಗದ ಅವಸರವೂ ಅನ್ಯಾಯವೇ. ಆದರೂ ಒಂದು ಅಳುಕು ಇಂದಿಗೂ ಉಳಿದಿದೆ: ಗಡಿಯಾರವನ್ನು ನೋಡಿದ ಬೇರೆ ದಿನಗಳಲ್ಲಿ ನನಗೆ ಕೇಳಿಸದೆ ಹೋದ ಮಾತುಗಳೆಷ್ಟೋ!

ಬಂಧಿತನನ್ನು 24 ಗಂಟೆಗಳೊಳಗೆ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ನಮ್ಮ ಭಾರತದ ಸಂವಿಧಾನದ 22ನೆಯ ವಿಧಿಯೂ ಹೇಳುತ್ತದೆ. ಪ್ರಜೆಯ ಮಾತು ಮೊದಲು ಮುಟ್ಟಬೇಕಾದುದು ಈ ಕೆಳಗಿನ ಮೆಟ್ಟಿಲನ್ನೇ.

ಈ ನಾಡಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮ್ಯಾಜಿಸ್ಟ್ರೇಟರಾಗಲು ಬ್ರಿಟಿಷ್ ಪೌರತ್ವ ಕಡ್ಡಾಯವಲ್ಲ, ಕಾನೂನು ಪದವಿಯೂ ಬೇಡ. 18ರಿಂದ 74ರ ವಯಸ್ಸಿನವರು ಅರ್ಜಿ ಹಾಕಬಹುದು. ವರ್ಷಕ್ಕೆ ಕನಿಷ್ಠ 13 ದಿನಗಳನ್ನು ಕೊಡಬೇಕು. ಪರಭಾಷೆಯ ನಡುವೆ ಬಾಯಿಲ್ಲದವರಾಗಿ ನಿಲ್ಲುವುದೆಂದರೇನೆಂದು ನಮ್ಮಲ್ಲಿ ಅನೇಕರು ಬಲ್ಲರು. ಆ ಅರಿವು ಪೀಠದ ಮೇಲೂ ಇರಲಿ.