ಸೂರ್ಯಕಾಂತಿಯೆಂಬ ತಂಗಿ

ಹೋದ ಬೇಸಗೆಯ ರಜೆಯಲ್ಲಿ ಜಗಳೂರಿನ ಮಗಳ ಮನೆಯಲ್ಲಿ ಕೆಲವು ದಿನ ಉಳಿದಿದ್ದೆನು. ಮೊಮ್ಮಗನು ದೂರದರ್ಶನದ ಮುಂದೆ ಕುಳಿತು ಯಾವುದೋ ಚಿತ್ರಕಥೆಯನ್ನು ನೋಡುತ್ತ ಹೊಟ್ಟೆ ಹಿಡಿದು ನಗುತ್ತಿದ್ದನು. ವ್ಯಾಕರಣ ಪಾಠದಲ್ಲಿಯೇ ತಲೆ ನರೆತ ನನಗೆ ಅದರಲ್ಲಿ ಏನು ರಸವಿದ್ದೀತೆಂದು ಉಪೇಕ್ಷೆಯಿಂದಲೇ ಪಕ್ಕದಲ್ಲಿ ಕುಳಿತೆನು. ಅರ್ಧ ಗಂಟೆ ಕಳೆದುದು ತಿಳಿಯಲಿಲ್ಲ.

ಜಪಾನಿನ ಯೊಶಿತೊ ಉಸುಯಿ ಎಂಬ ಚಿತ್ರಕಾರರು 1990ರಲ್ಲಿ ಪತ್ರಿಕೆಯೊಂದರಲ್ಲಿ ಆರಂಭಿಸಿದ ಕಥೆಯಿದು. 1992ರಲ್ಲಿ ದೂರದರ್ಶನಕ್ಕೆ ಬಂದಿತು. ಐದು ವರ್ಷದ ಶಿನ್‌ಚಾನ್ ಇದರ ನಾಯಕ. 1996ರಲ್ಲಿ ಆ ಮನೆಗೆ ಹೆಣ್ಣುಕೂಸೊಂದು ಬಂದಿತು. ಹೆಸರು ಹಿಮಾವರಿ, ಎಂದರೆ ಸೂರ್ಯಕಾಂತಿ. ಮಾತು ಬಾರದು, ನಡಿಗೆ ಬಾರದು. ಅಂಬೆಗಾಲಿನಲ್ಲಿಯೇ ಮನೆಯನ್ನೆಲ್ಲ ಸೂರೆಗೊಳ್ಳುತ್ತದೆ. ಹೊಳೆಯುವ ಒಡವೆ ಕಂಡರೆ ಬಿಡದು. ಊರಿಗೇ ಕೀಟಲೆಕೋರನಾದ ಅಣ್ಣನೂ ಈ ಕೂಸಿನ ಮುಂದೆ ಸೋಲುತ್ತಾನೆ. ಮೊಮ್ಮಗನು ನಕ್ಕನು, ನಾನು ನಗಲಾರದೆ ಹೋದೆನು.

ನ್ಯಾಮತಿಯು ಆಗ ಹೊನ್ನಾಳಿ ತಾಲ್ಲೂಕಿಗೂ ಶಿವಮೊಗ್ಗ ಜಿಲ್ಲೆಗೂ ಸೇರಿದ್ದಿತು. ನನಗೆ ಹತ್ತು ವರ್ಷ, ತಂಗಿಗೆ ಒಂದು. ತಂದೆಯವರು ಪ್ರತಿದಿನ ಬೆಳಗಿನ ಜಾವ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಒಂದು ದಿನ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ವಾರಿವರ್ಗದ ಹಾಳೆ ತಂಗಿಯ ಬಾಯಲ್ಲಿದೆ! ಅವಳು ನನ್ನನ್ನು ಕಂಡು ಕೇಕೆ ಹಾಕಿ ನಕ್ಕಳು. ನಾನು ಹೊಡೆದೆನು. ತಾಯಿಯವರು ಒಂದು ಮಾತನ್ನೂ ಆಡದೆ ಕೂಸನ್ನೆತ್ತಿಕೊಂಡು ಒಳಗೆ ಹೋದರು. ತಂದೆಯವರು ಹರಿದುಹೋದ ಶ್ಲೋಕಗಳನ್ನು ನೆನಪಿನಿಂದಲೇ ಬರೆದು ಪುಸ್ತಕಕ್ಕೆ ಅಂಟಿಸಿದರು. ಆ ಕೈಬರಹದ ಹಾಳೆ ಇಂದಿಗೂ ನನ್ನಲ್ಲಿದೆ.

ಆ ತಂಗಿಯ ಓದು ಏಳನೆಯ ತರಗತಿಗೆ ನಿಂತಿತು. ಹೆಣ್ಣುಮಗುವಿಗೆ ಇಷ್ಟು ಸಾಕೆಂದು ಹಿರಿಯರು ನಿಶ್ಚಯಿಸಿದರು. ಆಗ ವಿದ್ವತ್ ಪರೀಕ್ಷೆಗೆ ಸಿದ್ಧನಾಗುತ್ತಿದ್ದ ನಾನೂ ಬಾಯಿ ಬಿಡಲಿಲ್ಲ.

ಜಗಳೂರಿನಿಂದ ನೇರವಾಗಿ ಚನ್ನಗಿರಿಗೆ, ತಂಗಿಯ ಮನೆಗೆ ಹೋದೆನು. ಹಳೆಯ ಪೆಟ್ಟಿನ ಸಂಗತಿಯನ್ನು ತಡವರಿಸುತ್ತ ಹೇಳಿದಾಗ ಅವಳು ಅಡಕೆ ಆರಿಸುತ್ತಿದ್ದ ಕೈಯನ್ನು ನಿಲ್ಲಿಸಿ ನಕ್ಕಳು:

“ಪೆಟ್ಟು ನನಗೆಲ್ಲಿ ನೆನಪಿರುತ್ತೆ ಅಣ್ಣಾ? ನಾನು ತಿಂದಿದ್ದು ಒಂದೇ ಹಾಳೆ. ಮಿಕ್ಕಿದ್ದೆಲ್ಲಾ ನೀನೇ ಓದಿದೆಯಲ್ಲ!”

ಅದರಲ್ಲಿ ಕಹಿಯಿರಲಿಲ್ಲ. ಆದುದರಿಂದಲೇ ನನಗೆ ಉತ್ತರ ತೋಚಲಿಲ್ಲ.

ಹರಿಹರ ಕವಿಯ ಕೋಳೂರ ಕೊಡಗೂಸಿನ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಬೋಧಿಸಿದ್ದೇನೆ. ತಾನು ತಂದ ಹಾಲನ್ನು ಶಿವನು ಕುಡಿಯಲೇಬೇಕೆಂದು ಹಟ ಹಿಡಿದ ಎಳೆಯ ಹೆಣ್ಣು ಅವಳು. ಶಿವನು ಆ ಹಟಕ್ಕೆ ಮಣಿದನು. ಅದನ್ನು ಮುಗ್ಧಭಕ್ತಿಯೆಂದು ಸೊಗಸಾಗಿ ವ್ಯಾಖ್ಯಾನಿಸಿದವನೂ ನಾನೇ. ಮನೆಯ ಕೊಡಗೂಸಿನ ಮೇಲೆ ಕೈಯೆತ್ತಿದವನೂ, ಅವಳ ಓದು ನಿಂತಾಗ ಮೌನವಾಗಿದ್ದವನೂ ನಾನೇ.

ಈ ವರ್ಷ ನಮ್ಮ ಶಾಲೆಯ ಏಳನೆಯ ತರಗತಿಯ ಬಾಲೆಯೊಬ್ಬಳು ಹಬ್ಬಕ್ಕೆಂದು ಊರಿಗೆ ಹೋದವಳು ಮರಳಲಿಲ್ಲ. ಮುಖ್ಯೋಪಾಧ್ಯಾಯರನ್ನು ಕರೆದುಕೊಂಡು ಅವಳ ಮನೆಗೆ ಎರಡು ಸಲ ಹೋಗಿ ಬಂದೆನು. ಈಗ ಬರುತ್ತಿದ್ದಾಳೆ. ಬಹಳ ತುಂಟಿ. ದಾನಿಗಳು ದಯಪಾಲಿಸಿದ ನಿಘಂಟಿನ ಹಾಳೆಯೊಂದನ್ನು ಆಗಲೇ ಹರಿದಿದ್ದಾಳೆಂದು ದೂರು ಬಂದಿದೆ. ದಾನಿಗಳು ಮನ್ನಿಸಬೇಕು, ಆ ಹಾಳೆಯನ್ನು ನಾನೇ ಬರೆದು ಅಂಟಿಸಿದ್ದೇನೆ.