ಹಿರಿಯೂರು ಸೀಮೆಯ ಜೆ.ಜಿ. ಹಳ್ಳಿಯ ಮನೆಗೆ ಯಾವ ನಾಯಿ?

ಪ್ರೀತಿಯ ಗೆಳತಿ,

ನಿಮ್ಮ ಕಾಗದ ತಲುಪಿತು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ನಾಯಿಯ ಹೆಸರು ಹಿಡಿದು ಕೂತಿದ್ದಾರೆ ಎಂದು ಬರೆದಿದ್ದೀರಿ. ನಿಮ್ಮ ಯಜಮಾನರಿಗೆ ತೋಟ ಕಾಯಲು ಜರ್ಮನ್ ಶೆಫರ್ಡ್ ಬೇಕು. ಮೈದುನನಿಗೆ ಮುಧೋಳ. ಒಂದನೇ ಕ್ಲಾಸಿನ ಮಗಳಿಗೆ ಟೀವಿಯಲ್ಲಿ ನೋಡಿದ ಸಿನಿಮಾದ ಚಾರ್ಲಿಯೇ ಆಗಬೇಕು. ಅತ್ತೆಯವರಿಗೆ ಯಾವ ನಾಯಿಯೂ ಹೊಸ್ತಿಲು ದಾಟಬಾರದು. ಇವರೆಲ್ಲರ ನಡುವೆ ನಿಂತು ನೀವು ಕೇಳುತ್ತಿರುವುದು, ಮಕ್ಕಳಿರುವ ಮನೆಗೆ ಯಾವ ಜಾತಿ ನಾಯಿ ಒಳ್ಳೆಯದು ಎಂದು.

ದಿನಾ ಅದಕ್ಕೆ ಅನ್ನ ಹಾಕುವವರು, ನೀರಿಡುವವರು, ಗಲೀಜು ಬಾಚುವವರು ಯಾರು ಎಂದು ಮಾತ್ರ ಕಾಗದದಲ್ಲಿ ಎಲ್ಲೂ ಇಲ್ಲ. ಅದು ನೀವೇ ಆಗುತ್ತೀರಿ ಎಂದು ನನ್ನ ಅನುಮಾನ. ಮಗಳು ‘ನಾನೇ ನೋಡ್ಕೋತೀನಮ್ಮ’ ಎಂದು ಆಣೆ ಇಟ್ಟಿರಬಹುದು. ಆರು ವರ್ಷದ ಕೂಸಿನ ಆಣೆ ನಂಬಿ, ಹತ್ತು ಹನ್ನೆರಡು ವರ್ಷ ಬದುಕುವ ಜೀವವನ್ನು ಮನೆಗೆ ತರುವುದು ಬೇಡ. ಕೆಲಸ ನಿಮ್ಮದಾದ ಮೇಲೆ ಕೊನೆಯ ಮಾತೂ ನಿಮ್ಮದೇ ಆಗಲಿ.

ಜಾತಿಯ ಹೆಸರು ನಿಮಗೆ ಹೇಳುವುದು ಮುಖ್ಯವಾಗಿ ನಾಯಿಯ ಮೈಯ ಬಗ್ಗೆ: ಎಷ್ಟು ಬೆಳೆಯುತ್ತದೆ, ಕೂದಲು ಎಷ್ಟು, ಮೂಗು ಉದ್ದವೋ ಚಪ್ಪಟೆಯೋ, ಬಿಸಿಲು ತಡೆಯುತ್ತದೋ ಇಲ್ಲವೋ. ಸ್ವಭಾವದ ಬಗ್ಗೆ ಅದು ಹೇಳುವುದು ನಾವು ತಿಳಿದುಕೊಂಡಿರುವುದಕ್ಕಿಂತ ಬಹಳ ಕಡಿಮೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಬಂತು. 18,000ಕ್ಕೂ ಹೆಚ್ಚು ನಾಯಿಗಳ ಒಡೆಯರನ್ನು ಪ್ರಶ್ನೆ ಕೇಳಿ, ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಯನ್ನೂ ಪರೀಕ್ಷಿಸಿದ್ದರು. ನಾಯಿ ನಾಯಿಗೆ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಮಾತ್ರ ಎಂದು ಅಲ್ಲಿ ಕಂಡುಬಂತು. ಹೇಳಿದ ಮಾತು ಕೇಳುವಂಥ ಕೆಲವು ಗುಣಗಳು ತಳಿಯೊಂದಿಗೆ ಸ್ವಲ್ಪ ಹೆಚ್ಚು ಬರುತ್ತವೆ, ನಿಜ. ಆದರೆ ಯಾವುದಕ್ಕೆ ಬೇಗ ಸಿಟ್ಟು ಬರುತ್ತದೆ, ಯಾವುದು ಬೆದರುತ್ತದೆ ಎಂಬುದನ್ನು ತಳಿಯ ಹೆಸರು ನೋಡಿ ಊಹಿಸಲಾಗದು. ಹಾಗಾಗಿ ಮೈಯನ್ನು ನಿಮ್ಮ ಊರಿಗೆ ತಾಳೆ ನೋಡಿ, ಗುಣಕ್ಕೆ ಬೇರೆ ಕಡೆ ಹುಡುಕಿ ಎನ್ನುತ್ತೇನೆ. ಎಲ್ಲಿ ಎಂದು ಮುಂದೆ ಬರೆಯುತ್ತೇನೆ.

ಮೊದಲು ಮಗಳ ಆಸೆ. ‘777 ಚಾರ್ಲಿ’ 2022ರ ಜೂನ್‌ನಲ್ಲಿ ಬಂದ ಮೇಲೆ ಲ್ಯಾಬ್ರಡಾರ್ ಬೇಕು ಎಂದು ಹಟ ಹಿಡಿಯದ ಮಗು ಕರ್ನಾಟಕದಲ್ಲಿ ಅಪರೂಪ. ಒಳ್ಳೆಯ ನಾಯಿಯೇ. ಮಕ್ಕಳ ಕೀಟಲೆಗೆ ಬೇಗ ಸಿಡುಕುವುದಿಲ್ಲ ಎಂದು ಹೆಸರಾಗಿದೆ. ಆದರೆ ಅದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಕೊರೆಯುವ ನೀರಿಗೆ ಇಳಿದು ಮೀನುಗಾರರ ಬಲೆ ಎಳೆಯುತ್ತಿದ್ದ ನಾಯಿ. ಮೈಮೇಲೆ ಎರಡು ಪದರ ಕೂದಲು. ಮನೆ ಮಾರಿಕಣಿವೆ ಜಲಾಶಯದ ಹಿನ್ನೀರಿನ ದಂಡೆಯಲ್ಲಿದ್ದಿದ್ದರೆ ಬೇರೆ ಮಾತು. ಬೋರ್‌ವೆಲ್ ನೀರಿಗೇ ಕಾಯುವ ನಿಮ್ಮ ಕಡೆ, ಏಪ್ರಿಲ್ ಮಧ್ಯಾಹ್ನ ಶೀಟಿನ ಚಪ್ಪರದ ಕೆಳಗೆ ಕಟ್ಟಿಹಾಕಿದರೆ ಅದಕ್ಕೆ ಶಿಕ್ಷೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮನೆಯೊಳಗೆ, ತಂಪು ನೆಲದ ಮೇಲೆ ಮಲಗಿಸುವುದಾದರೆ ಮಾತ್ರ ಯೋಚಿಸಿ. ಅಂದರೆ ಅತ್ತೆಯವರು ಒಪ್ಪಬೇಕು.

ಇನ್ನೊಂದು, ಅದರ ಹೊಟ್ಟೆ. ಹಸಿವಿಗೆ ಕಡಿವಾಣ ಹಾಕುವ ಒಂದು ಜೀನ್‌ನ ತುಣುಕು ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಕಾಣೆಯಾಗಿದೆ ಎಂದು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅದು ಎಷ್ಟು ತಿಂದರೂ ಮುಖ ನೋಡುತ್ತಲೇ ಇರುತ್ತದೆ, ನಮ್ಮ ಅಜ್ಜಿಯಂದಿರು ಇನ್ನೊಂದು ಮುದ್ದೆ ಹಾಕುತ್ತಲೇ ಇರುತ್ತಾರೆ. ಎರಡು ವರ್ಷ ತುಂಬುವಷ್ಟರಲ್ಲಿ 30 ಕಿಲೋ. ನಿಮ್ಮ ಮಗಳು ಇಪ್ಪತ್ತು ಕಿಲೋ ಇರಬಹುದು. ಅದು ಪ್ರೀತಿಯಿಂದ ಮೈಮೇಲೆ ಹಾರಿದರೂ ಕೂಸು ಅಂಗಳದಲ್ಲಿ ಬಿದ್ದಿರುತ್ತದೆ. ಆ ಸಿನಿಮಾದ ಚಾರ್ಲಿಗೆ ಕಾಯಿಲೆ ಬಂದದ್ದು ಏಕೆ ಎಂಬುದನ್ನೂ ಮಗಳ ಜೊತೆ ಕೂತು ಇನ್ನೊಮ್ಮೆ ನೋಡಿ. ದುಡ್ಡಿಗಾಗಿ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವವರ ಕತೆಯೂ ಅದು.

ಯಜಮಾನರ ಜರ್ಮನ್ ಶೆಫರ್ಡ್ ಹುಟ್ಟಿದ್ದೇ ಕುರಿ ಕಾಯಲು. ಬುದ್ಧಿವಂತ ನಾಯಿ, ಆದರೆ ಕೆಲಸ ಕೊಡದಿದ್ದರೆ ಕೆಲಸ ತಾನೇ ಹುಡುಕಿಕೊಳ್ಳುತ್ತದೆ. ದಿನವಿಡೀ ಸರಪಳಿಯಲ್ಲಿ ಕಟ್ಟಿ, ರಾತ್ರಿ ತೋಟ ಕಾಯಲಿ ಎಂದು ಬಿಟ್ಟರೆ ಅದು ಕಾಯುವುದನ್ನಲ್ಲ, ಎಲ್ಲರ ಮೇಲೆ ಎಗರುವುದನ್ನು ಕಲಿಯುತ್ತದೆ. ಮಗಳ ಜೊತೆ ಆಡಲು ಬಂದ ಪಕ್ಕದ ಮನೆಯ ಮಕ್ಕಳೂ ಅದರ ಲೆಕ್ಕದಲ್ಲಿ ಕಳ್ಳರೇ. ದೊಡ್ಡ ನಾಯಿಗಳಿಗೆ ಬರುವ ಸೊಂಟದ ಕೀಲಿನ ತೊಂದರೆ ಇದಕ್ಕೂ ಹೆಚ್ಚು. ನನ್ನನ್ನು ಕೇಳಿದರೆ ಬೇಡ. ಪಗ್ ಅಂತೂ ಬೇಡವೇ ಬೇಡ. 2003ರ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಆ ಮುದ್ದು ಮುಖಕ್ಕೆ ಉಸಿರಾಡಲು ಮೂಗೇ ಇಲ್ಲ. ಹಿರಿಯೂರಿನ ಬೇಸಿಗೆಯಲ್ಲಿ ಅದು ಬದುಕುವುದೇ ಕಷ್ಟ. ಷಿಟ್ಜುಗೂ ಇದೇ ಮಾತು. ಪಿಟ್‌ಬುಲ್, ರಾಟ್‌ವೀಲರ್‌ನಂಥ 23 ತಳಿಗಳನ್ನು ತಡೆಯಲು ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಕಾನೂನು ಬಿಟ್ಟಿದೆ ಎಂದು ಮಗುವಿನ ಮನೆಗೆ ಅವನ್ನು ತರಬೇಕಿಲ್ಲ.

ಮುಧೋಳದ ವಿಷಯಕ್ಕೆ ಬಂದರೆ ನನಗೂ ಪಕ್ಷಪಾತವಿದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಬೇಟೆನಾಯಿ ಎಂದರೆ ಕನ್ನಡ ನಾಡಿಗೆ ಹಳೆಯ ಮೋಹ. ಹತ್ತನೆಯ ಶತಮಾನದ ಆತಕೂರು ಶಾಸನ ನೋಡಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲರನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಏನು ಬೇಕು ಕೇಳು ಎಂದರೆ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿ ದೊಡ್ಡ ಹಂದಿಯೊಡನೆ ಕಾದಾಡಿ ಸತ್ತಾಗ ಅದಕ್ಕೆ ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಡಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಧೋಳದ ತಳಿಯನ್ನು ಉಳಿಸಿ ಬೆಳೆಸಿದ ಹೆಗ್ಗಳಿಕೆ ಅಲ್ಲಿನ ರಾಜ ಮಾಲೋಜಿರಾವ್ ಘೋರ್ಪಡೆಯವರದು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. 2016ರಲ್ಲಿ ಸೇನೆ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ತರುವುದಾದರೆ ಅಲ್ಲಿ ವಿಚಾರಿಸಬೇಕು.

ಬಿಸಿಲಿಗೆ ಅದು ಹೇಳಿ ಮಾಡಿಸಿದ ಮೈ. ಗಿಡ್ಡ ಕೂದಲು, ಉದ್ದ ಮೂಗು, ಕೊಬ್ಬಿಲ್ಲದ ಪಕ್ಕೆ. (ನೋಡಿದವರೆಲ್ಲ ‘ಪಾಪ, ಅನ್ನ ಹಾಕಲ್ವಾ?’ ಎಂದು ಕೇಳುತ್ತಾರೆ, ಉತ್ತರ ಸಿದ್ಧವಿಟ್ಟುಕೊಳ್ಳಿ.) ಆದರೂ ನಿಮ್ಮ ಮನೆಗೆ ಹೂಂ ಎನ್ನಲು ಮನಸ್ಸು ಬರುತ್ತಿಲ್ಲ, ಕಾರಣ ನಿಮ್ಮ ಹೈವೇ. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಕಾಲು ಕಿತ್ತಿತೆಂದೇ ಲೆಕ್ಕ, ಆಮೇಲೆ ಕೂಗಿದರೆ ಕಿವಿ ಕೇಳುವುದಿಲ್ಲ. ಕಾಂಪೌಂಡ್ ಇಲ್ಲದ ಮನೆ, ಕೂಗಳತೆಯಲ್ಲಿ ಹಗಲೂ ರಾತ್ರಿ ಲಾರಿ ಓಡುವ ಬೆಂಗಳೂರು–ಪುಣೆ ರಸ್ತೆ. ಆಚೆ ಬದಿಯಲ್ಲಿ ಮೊಲ ಕಂಡರೆ ಅದು ಲಾರಿ ನೋಡುವುದಿಲ್ಲ. ಜೊತೆಗೆ ನಿಮ್ಮ ಸುತ್ತ ಗೊಲ್ಲರಹಟ್ಟಿಗಳು, ಬೆಳಗ್ಗೆ ಸಂಜೆ ಕುರಿಮಂದೆ. ಚಿಕ್ಕಂದಿನಿಂದ ಕುರಿಯ ಜೊತೆ ಬೆಳೆಯದ ಬೇಟೆನಾಯಿ ಒಂದು ಮರಿಗೆ ಬಾಯಿ ಹಾಕಿದರೂ ನ್ಯಾಯ ಪಂಚಾಯ್ತಿ ಕಟ್ಟೆಗೆ ಹೋಗುತ್ತದೆ. ಅಲ್ಲದೆ ಅದು ಬಿಗುಮಾನದ ನಾಯಿ, ಅಪರಿಚಿತರು ಮೈ ಮುಟ್ಟಿದರೆ ಸಹಿಸುವುದಿಲ್ಲ. ಕತ್ತು ತಬ್ಬಿಕೊಂಡು ಮುದ್ದಿಸಲು ಹೊರಡುವ ಮಗುವಿಗೆ ಇದು ತಕ್ಕ ಜೋಡಿಯಲ್ಲ. ಮೈದುನ ತನ್ನ ತೋಟಕ್ಕೆ ಎತ್ತರದ ಬೇಲಿ ಹಾಕಿಸಿದ ದಿನ ತರಲಿ, ನಾನೂ ನೋಡಲು ಬರುತ್ತೇನೆ.

ಹಾಗಾದರೆ ಯಾವುದು? ನಮ್ಮ ಕಂತ್ರಿ ನಾಯಿಯೇ. ಮೂಗು ಮುರಿಯಬೇಡಿ. ಹದಿನೈದು ಇಪ್ಪತ್ತು ಕಿಲೋ ಮೈ, ಬಿಸಿಲಿಗೆ ಒಗ್ಗಿದ ಚರ್ಮ, ಅಪರಿಚಿತರು ಬಂದರೆ ಬೊಗಳುವ ಗಂಟಲು; ಯಜಮಾನರ ತೋಟಕ್ಕೆ ಇಷ್ಟು ಸಾಲದೆ? ಗುಣವನ್ನು ಬೇರೆ ಕಡೆ ಹುಡುಕಿ ಎಂದೆನಲ್ಲ, ಹುಡುಕಬೇಕಾದದ್ದು ತಾಯಿಯಲ್ಲಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವುದು ನಾಯಿಗೂ ಸಲ್ಲುತ್ತದೆ. ಜಾತಿ ನಾಯಿಯ ಮರಿಯನ್ನು ಫೋಟೊ ನೋಡಿ, ದುಡ್ಡು ಕಳಿಸಿ, ಬಸ್ಸಿನಲ್ಲಿ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವವರಿಗೆ ತಾಯಿ ಕಾಣುವುದೇ ಇಲ್ಲ. ಹಟ್ಟಿಯಲ್ಲೋ, ಪರಿಚಯದವರ ತೋಟದ ಮನೆಯಲ್ಲೋ ಈದ ನಾಯಿಯ ಬಳಿ ಹೋಗಿ ಅರ್ಧ ಗಂಟೆ ಕೂತು ನೋಡಿ. ಆ ಮನೆಯ ಮಕ್ಕಳು ಮರಿ ಎತ್ತಿದಾಗ ತಾಯಿ ಏನು ಮಾಡುತ್ತದೆ? ಪಾತ್ರೆ ಬಿದ್ದ ಸದ್ದಿಗೆ ಮರಿಗಳು ಬೆದರಿ ಓಡಿ, ಮತ್ತೆ ಮೂಸಲು ಬರುತ್ತವೋ, ಮೂಲೆ ಸೇರಿ ನಡುಗುತ್ತವೋ? ಮೂರನೆಯ ವಾರದಿಂದ ಮೂರು ತಿಂಗಳ ತನಕ ಮರಿ ಕಂಡದ್ದು, ಕೇಳಿದ್ದು, ಮುಟ್ಟಿಸಿಕೊಂಡದ್ದು ಜೀವನವಿಡೀ ಅದರೊಡನೆ ಉಳಿಯುತ್ತದೆ. ಮಕ್ಕಳ ಕೈಯಲ್ಲಿ, ಕುರಿಗಳ ನಡುವೆ ಬೆಳೆದ ಮರಿ ನಿಮಗೆ ಬೇಕು. ಎಂಟು ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬೇಡಿ. 2017ರ ಕೇಂದ್ರ ನಿಯಮದ ಪ್ರಕಾರ ಮಾರಾಟಕ್ಕೂ ಇದೇ ವಯಸ್ಸು. ಮರಿಯ ಸೂಜಿಹಲ್ಲಿಗೆ ಮಗಳು ಅಳುತ್ತಾಳೆ ಎನಿಸಿದರೆ, ಗುಣ ಗೊತ್ತಿರುವ ಎರಡು ಮೂರು ವರ್ಷದ ದೊಡ್ಡ ನಾಯಿ ಇನ್ನೂ ಒಳ್ಳೆಯದು.

ಅತ್ತೆಯವರು ಮೈಲಾರಲಿಂಗನ ಒಕ್ಕಲು ಎಂದು ಬರೆದಿದ್ದೀರಿ. ಹಾಗಿದ್ದರೆ ಒಪ್ಪಿಸುವುದು ಸುಲಭ. ಮೈಲಾರನ ಭಕ್ತರಾದ ಗೊರವಯ್ಯಗಳು ದೋಣಿ ಸೇವೆಯಲ್ಲಿ ನಾಯಿಯ ಹಾಗೆ ಬೊಗಳಿ, ಬಾಯಿ ಹಾಕಿ ಪ್ರಸಾದ ತಿನ್ನುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಸ್ವಾಮಿಗೆ ಬೇಕಾದ ನಾಯಿ ಪಡಸಾಲೆಗೆ ಬೇಡವೇ ಎಂದು ಮೆತ್ತಗೆ ಕೇಳಿ.

ಇನ್ನು ಹೆದರಿಸುವ ಮಾತು, ಆದರೆ ಬಿಡುವಂತಿಲ್ಲ. ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷ ವರ್ಷ. ಪಾರ್ವೊ, ಡಿಸ್ಟೆಂಪರ್ ಲಸಿಕೆ ಇನ್ನೂ ಮೊದಲೇ, ಆರರಿಂದ ಎಂಟನೇ ವಾರದಲ್ಲಿ ಶುರು. ದನದ ಆಸ್ಪತ್ರೆಯ ಡಾಕ್ಟರಿಗೆ ತಾರೀಖು ಕೇಳಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮರಿ ಕಚ್ಚಿದ್ದು ತಾನೇ, ಗೀರಿದ್ದು ತಾನೇ ಎಂದು ಅಸಡ್ಡೆ ಬೇಡ. ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚಲು ಯಾರನ್ನೂ ಬಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಸರ್ಕಾರಿ ಆಸ್ಪತ್ರೆಗೆ ಹೋಗಿ ಹೇಳಿದಷ್ಟೂ ಚುಚ್ಚುಮದ್ದು ಹಾಕಿಸಿ. ರೋಗ ತಲೆಗೇರಿದ ಮೇಲೆ ಮದ್ದಿಲ್ಲ.

ಕುರಿ ಸೀಮೆಗೇ ಅಂಟಿಕೊಂಡ ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಹಬ್ಬಕ್ಕೋ ಜಾತ್ರೆಗೋ ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಈಲಿ, ಶ್ವಾಸಕೋಶವನ್ನು ಹಸಿಯಾಗಿಯೇ ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗಿನ ಮರಿಹುಳ ನಾಯಿಯ ಕರುಳಿನಲ್ಲಿ ಲಾಡಿಹುಳವಾಗಿ ಬೆಳೆಯುತ್ತದೆ, ಮೊಟ್ಟೆ ಹೇಲಿನ ಜೊತೆ ಹೊರಬಂದು ಕೂದಲಿಗೂ ಅಂಟುತ್ತದೆ. ಮುದ್ದಿಸಿದ ಮಗು ಕೈ ತೊಳೆಯದೆ ಉಂಡರೆ ಅದರ ಈಲಿಯಲ್ಲಿ, ಶ್ವಾಸಕೋಶದಲ್ಲಿ ಅದೇ ಗುಳ್ಳೆ. ಬೇಯಿಸಿ ಹಾಕಿ, ಇಲ್ಲವೇ ಆಳಕ್ಕೆ ಹೂಳಿ. ಹುಳದ ಮಾತ್ರೆ ತಪ್ಪಿಸಬೇಡಿ.

ಮಗಳಿಗೆ ಕಲಿಸಬೇಕಾದ್ದು ಹೆಚ್ಚಿಲ್ಲ. ಉಣ್ಣುವಾಗ, ಮಲಗಿದಾಗ, ಮರಿ ಹಾಕಿದಾಗ ನಾಯಿಯ ತಂಟೆಗೆ ಹೋಗಬಾರದು. ಅದು ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಮೈ ಬಿಗಿದು ನಿಂತರೆ ಸಾಕು ಎಂದು ಅರ್ಥ, ಬಿಟ್ಟು ಬರಬೇಕು. ನಿಮಗೂ ಒಂದು ಮಾತು. ನಾಯಿ ಗುರ್ ಎಂದದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಗುರ್ ಎನ್ನದೆ ನೇರ ಕಚ್ಚುತ್ತದೆ. ಮಕ್ಕಳನ್ನು ಕಚ್ಚುವುದು ಬಹಳ ಸಲ ಗುರುತಿನ ನಾಯಿಯೇ, ಅದೂ ಮುಖಕ್ಕೆ. ಎಷ್ಟೇ ಸಾಧುವಾಗಿದ್ದರೂ ಇಬ್ಬರನ್ನೇ ಬಿಟ್ಟು ಹೊಲಕ್ಕೆ ಹೋಗಬೇಡಿ.

ಕೊನೆಗೊಂದು ಕೋರಿಕೆ. ನೀವು ಮರಿ ತರಲು ಹೋಗುವ ಹೊತ್ತಿಗೆ ಗಂಡುಮರಿಗಳನ್ನೆಲ್ಲ ಯಾರೋ ಒಯ್ದಿರುತ್ತಾರೆ, ಉಳಿದಿರುವುದು ಹೆಣ್ಣುಮರಿಗಳೇ. ಯಾರೂ ಒಯ್ಯದಿದ್ದರೆ ಅವನ್ನು ಚೀಲಕ್ಕೆ ತುಂಬಿ ರಸ್ತೆ ಬದಿಗೆ ಬಿಟ್ಟು ಬರುವವರಿದ್ದಾರೆ. ಪಶುವೈದ್ಯರ ಬಳಿ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಮರಿಗಳ ಕಾಟವೂ ಇಲ್ಲ, ಬೆದೆಗೆ ಬಂದಾಗ ಬೀದಿ ನಾಯಿಗಳ ಜಾತ್ರೆಯೂ ಇಲ್ಲ. ತಾಯಿ ಸಾಧುವಾಗಿದ್ದರೆ ಹೆಣ್ಣೆಂದು ಬಿಟ್ಟು ಬರಬೇಡಿ, ಮನೆಗೆ ತನ್ನಿ. ಹೆಸರಿಡುವ ಕೆಲಸ ಮಗಳಿಗೆ ಬಿಡಿ, ಏನಿಟ್ಟಳು ಎಂದು ನನಗೆ ಬರೆಯಿರಿ.

ಇಂತಿ,
ನಿಮ್ಮ ಗೆಳತಿ